ಅನ್ವಯವೆಂಬ ಮಾತಿನ ಅರ್ಥ: ವರ್ತನ ವಿಶ್ಲೇಷಣೆಯ ಸೇವೆ ಮತ್ತು ಮುದಗಲ್ಲಿನ ಮನೆ, ಶಾಲೆ, ಬೀದಿ

1

ಮನಶ್ಶಾಸ್ತ್ರವು ಕನ್ನಡ ನಾಡಿನ ವಿದ್ಯಾಪೀಠಗಳಿಗೆ ಹೊಸತಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಆ ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗ ಏರ್ಪಟ್ಟಿತು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಗಿ, 1974ರಲ್ಲಿ ಅದೂ ಅಲ್ಲಿನ ಮಾನಸಿಕ ಆಸ್ಪತ್ರೆಯೂ ಒಂದುಗೂಡಿ ಇಂದಿನ ನಿಮ್ಹಾನ್ಸ್ ಸಂಸ್ಥೆ ರೂಪುಗೊಂಡಿತು. ಆದರೆ ಶಾಸ್ತ್ರವೊಂದು ವಿದ್ಯಾಪೀಠದಲ್ಲಿ ನೆಲೆಗೊಳ್ಳುವುದು ಬೇರೆ, ಅದರ ಫಲ ಊರೂರಿನ ಪಡಸಾಲೆಗೆ ತಲಪುವುದು ಬೇರೆ. ಈ ಎರಡರ ನಡುವಣ ಅಂತರವು ಎಲ್ಲಿ ಬಹು ಸ್ಪಷ್ಟವಾಗಿ ಕಾಣುತ್ತದೆಯೋ ಅಂಥ ಒಂದು ವಿಷಯವನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಅನ್ವಯಿಕ ವರ್ತನ ವಿಶ್ಲೇಷಣೆ ಎಂದರೆ, ಸಂಕ್ಷೇಪವಾಗಿ ಹೇಳುವುದಾದರೆ, ವ್ಯಕ್ತಿಯ ನಡವಳಿಕೆಗೂ ಅದರ ಹಿಂದುಮುಂದಿನ ಸನ್ನಿವೇಶಕ್ಕೂ ಇರುವ ಸಂಬಂಧವನ್ನು ಕಣ್ಣಾರೆ ನೋಡಿ, ಅಳೆದು, ಆ ಸನ್ನಿವೇಶವನ್ನು ಮಾರ್ಪಡಿಸುವುದರ ಮೂಲಕ ಉಪಯುಕ್ತವಾದ ನಡವಳಿಕೆಯನ್ನು ಬೆಳೆಸುವ ವಿದ್ಯೆ. ಇದರ ತಾತ್ವಿಕ ಮೂಲ ಬಿ. ಎಫ್. ಸ್ಕಿನ್ನರನ ಸಂಶೋಧನೆಗಳಲ್ಲಿದೆ. ಆಟಿಸಂ ಮತ್ತು ಬೌದ್ಧಿಕ ಅಸಾಮರ್ಥ್ಯ ಇರುವ ಮಕ್ಕಳ ಶಿಕ್ಷಣದಲ್ಲಿ ಇದು ವಿಶೇಷವಾಗಿ ಬಳಕೆಗೆ ಬಂದಿದೆ. ಈ ಸೇವೆಯನ್ನು ಚಿಕಿತ್ಸಾಲಯದ ಕೊಠಡಿಯಲ್ಲಲ್ಲದೆ ಮನೆ, ಶಾಲೆ, ಸಮುದಾಯ ಈ ಮೂರು ಎಡೆಗಳಲ್ಲಿಯೂ ಒದಗಿಸಬೇಕೆಂಬುದು ಈಗ ಸರ್ವಸಮ್ಮತವಾದ ಮಾತು. ಸರ್ವಸಮ್ಮತವಾದ ಮಾತುಗಳಲ್ಲಿ ಒಂದು ಅಪಾಯವುಂಟು; ಅವುಗಳ ಅರ್ಥವನ್ನು ಯಾರೂ ಮತ್ತೆ ವಿಚಾರಿಸುವುದಿಲ್ಲ. ಮನೆಯೆಂದರೆ ಯಾರ ಮನೆ, ಶಾಲೆಯೆಂದರೆ ಯಾವ ಭಾಷೆಯ ಶಾಲೆ, ಸಮುದಾಯವೆಂದರೆ ಯಾವ ಊರಿನದು ಎಂಬ ಪ್ರಶ್ನೆಗಳನ್ನೆತ್ತಿದಾಗ ಮಾತ್ರ ಆ ಸೂತ್ರದ ಬಲಾಬಲ ತಿಳಿದುಬರುತ್ತದೆ.

ಈ ಪರೀಕ್ಷೆಗೆ ಮುದಗಲ್ಲನ್ನು ಒರೆಗಲ್ಲಾಗಿ ಇಟ್ಟುಕೊಳ್ಳಲಾಗಿದೆ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಈ ಪಟ್ಟಣ ತಾಲ್ಲೂಕು ಕೇಂದ್ರದಿಂದ ಸುಮಾರು 16 ಕಿಲೋಮೀಟರು ದೂರದಲ್ಲಿದೆ. ಬೆಂಗಳೂರಿನಿಂದ ಸುಮಾರು ನಾನೂರು ಕಿಲೋಮೀಟರು. ವಿಜಯನಗರದ ಅರಸರಿಗೂ ಬಹಮನಿ ಮತ್ತು ಆದಿಲಶಾಹಿ ಸುಲ್ತಾನರಿಗೂ ನಡೆದ ಹೋರಾಟಗಳಲ್ಲಿ ಮತ್ತೆ ಮತ್ತೆ ಕೈಬದಲಾದ ಇಲ್ಲಿಯ ಕೋಟೆಯೂ, ಅದನ್ನು ಸುತ್ತಿದ ಅಗಲವಾದ ನೀರಿನ ಕಂದಕವೂ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದವು. 1956ರವರೆಗೆ ಈ ಪ್ರದೇಶ ಹೈದರಾಬಾದು ರಾಜ್ಯಕ್ಕೆ ಸೇರಿತ್ತು. ಕನ್ನಡ ಮತ್ತು ಉರ್ದು ಇಲ್ಲಿಯ ಬೀದಿಯಲ್ಲಿ ಜೊತೆಯಾಗಿ ಕೇಳಿಸುತ್ತವೆ. ಸುತ್ತಲ ತಾಂಡಾಗಳಲ್ಲಿ ಲಂಬಾಣಿ ಭಾಷೆಯಿದೆ. ಹಿಂದೂ ಮುಸಲ್ಮಾನರು ಕೂಡಿ ಆಚರಿಸುವ ಇಲ್ಲಿಯ ಮೊಹರಂ ನಾಡಿನಲ್ಲೆಲ್ಲ ಹೆಸರಾಗಿದೆ. ದೊಡ್ಡ ನಗರದ ಅನುಕೂಲಗಳಿಲ್ಲದೆ, ಹಾಗೆಂದು ಕುಗ್ರಾಮವೂ ಅಲ್ಲದೆ ಇರುವ ಇಂಥ ಊರುಗಳಲ್ಲಿ ನಾಡಿನ ಅನೇಕ ಮಕ್ಕಳು ಬೆಳೆಯುತ್ತಾರೆ. ಆದಕಾರಣ ಈ ವಿದ್ಯೆಯ ಸತ್ತ್ವವನ್ನು ಇಲ್ಲಿ ಅಳೆಯುವುದು ನ್ಯಾಯ.

2

ಮೊದಲು ಈ ವಿದ್ಯೆ ತನ್ನನ್ನು ತಾನು ಹೇಗೆ ನಿರ್ವಚಿಸಿಕೊಂಡಿತೆಂಬುದನ್ನು ನೋಡೋಣ. 1968ರಲ್ಲಿ ಬೇಯರ್, ವುಲ್ಫ್ ಮತ್ತು ರಿಸ್ಲೆ ಎಂಬ ಮೂವರು ವಿದ್ವಾಂಸರು, ಆ ವರ್ಷವೇ ಆರಂಭವಾದ ಈ ಶಾಸ್ತ್ರದ ಪತ್ರಿಕೆಯಲ್ಲಿ, ಇದಕ್ಕೆ ಇರಬೇಕಾದ ಏಳು ಲಕ್ಷಣಗಳನ್ನು ನಿರೂಪಿಸಿದರು. ಅವುಗಳಲ್ಲಿ ಮೊದಲನೆಯದು ಅನ್ವಯ, ಕೊನೆಯದು ವ್ಯಾಪಕತೆ. ಅನ್ವಯವೆಂದರೆ ಪ್ರಯೋಗಶಾಲೆಯ ಸೂತ್ರವನ್ನು ಹೊರಗೆ ಬಳಸುವುದಷ್ಟೇ ಅಲ್ಲ. ಆರಿಸಿಕೊಂಡ ನಡವಳಿಕೆಯು ಆ ವ್ಯಕ್ತಿಗೂ ಅವನ ಸಮಾಜಕ್ಕೂ ಮುಖ್ಯವಾದದ್ದಾಗಿರಬೇಕು. ವ್ಯಾಪಕತೆಯೆಂದರೆ ಕಲಿತದ್ದು ಕಾಲ ಕಳೆದರೂ ಉಳಿಯಬೇಕು, ಬೇರೆ ಎಡೆಗಳಲ್ಲಿಯೂ ತೋರಬೇಕು, ಸಂಬಂಧಪಟ್ಟ ಬೇರೆ ನಡವಳಿಕೆಗಳಿಗೂ ಹಬ್ಬಬೇಕು. ಈ ಎರಡು ಲಕ್ಷಣಗಳನ್ನು ಕೂಡಿಸಿ ಓದಿದರೆ, ಕೊಠಡಿಯೊಳಗೆ ಮಾತ್ರ ತೋರುವ ಪಾಂಡಿತ್ಯಕ್ಕೆ ಈ ಶಾಸ್ತ್ರದ ಹೆಸರೇ ಸಲ್ಲುವುದಿಲ್ಲವೆಂದಾಗುತ್ತದೆ.

ನಿರ್ವಚನಕ್ಕಿಂತ ಮೊದಲಿನ ಒಂದು ನಿದರ್ಶನ ಇದಕ್ಕಿಂತ ಹೆಚ್ಚು ಬೋಧಪ್ರದವಾಗಿದೆ. 1964ರಲ್ಲಿ ವುಲ್ಫ್, ರಿಸ್ಲೆ ಮತ್ತು ಮೀಸ್ ಎಂಬುವರು ಆಟಿಸಂ ಇದ್ದ ಮೂರೂವರೆ ವರ್ಷದ ಬಾಲಕನೊಬ್ಬನ ವೃತ್ತಾಂತವನ್ನು ಪ್ರಕಟಿಸಿದರು. ಪೊರೆಯ ಶಸ್ತ್ರಚಿಕಿತ್ಸೆಯಾಗಿದ್ದ ಆ ಮಗು ಕನ್ನಡಕ ಧರಿಸದಿದ್ದರೆ ದೃಷ್ಟಿಯನ್ನೇ ಕಳೆದುಕೊಳ್ಳುವ ಸಂಭವವಿತ್ತು. ಮಗುವಾದರೋ ಕನ್ನಡಕವನ್ನು ಮುಟ್ಟಗೊಡುತ್ತಿರಲಿಲ್ಲ. ಮೊದಲು ಗಾಜಿಲ್ಲದ ಚೌಕಟ್ಟನ್ನು ಕೈಯಲ್ಲಿ ಹಿಡಿದುದಕ್ಕೆ, ಅನಂತರ ಕಣ್ಣಿನ ಹತ್ತಿರ ತಂದುದಕ್ಕೆ, ಹೀಗೆ ಹಂತಹಂತವಾಗಿ ತಿಂಡಿಯ ತುಣುಕುಗಳನ್ನು ಕೊಟ್ಟು ಕಲಿಸಿದರು. ಕೊನೆಗೆ ಅವನು ದಿನಕ್ಕೆ 12 ಗಂಟೆ ಕನ್ನಡಕ ಧರಿಸುವಂತಾಯಿತು. ದಿನನಿತ್ಯದ ಕೆಲಸವನ್ನು ನಡೆಸಿದವರು ಆಸ್ಪತ್ರೆಯ ಪರಿಚಾರಕರು. ಮುಂದೆ ಅದನ್ನು ತಂದೆತಾಯಿಗಳಿಗೂ ಕಲಿಸಿ ಮನೆಗೆ ಒಯ್ಯಲಾಯಿತು. ಇದಕ್ಕೂ ಮೊದಲು, 1959ರಲ್ಲಿ, ಐಲನ್ ಮತ್ತು ಮೈಕೆಲ್ ಅವರು ಮಾನಸಿಕ ಆಸ್ಪತ್ರೆಯ ದಾದಿಯರ ಕೈಯಲ್ಲಿಯೇ ಈ ವಿಧಾನವನ್ನು ಇರಿಸಿದ್ದರು.

ಈ ನಿದರ್ಶನದಿಂದ ಗ್ರಹಿಸತಕ್ಕ ಅಂಶಗಳು ಎರಡು. ಅಲ್ಲಿ ಕಲಿಸಿದ ನಡವಳಿಕೆಯ ಪ್ರಯೋಜನ ಮೊಟ್ಟಮೊದಲು ಮಗುವಿಗೇ ಸೇರಿತು; ನೋಡುವವರ ಕಣ್ಣಿಗೆ ಅವನು ಇತರರಂತೆ ಕಾಣಲೆಂದು ಕನ್ನಡಕ ಹಾಕಿಸಿದ್ದಲ್ಲ. ಎರಡನೆಯದಾಗಿ, ಈ ವಿದ್ಯೆ ಹುಟ್ಟಿನಿಂದಲೇ ತಜ್ಞನಲ್ಲದವನ ಕೈಯಲ್ಲಿ ನಡೆಯಬಲ್ಲದ್ದಾಗಿತ್ತು. ಮುಂದಿನ ಇತಿಹಾಸದಲ್ಲಿ ಈ ಎರಡು ಗುಣಗಳೂ ಮಸುಕಾದುದೇ ನಮ್ಮ ವಿಮರ್ಶೆಯ ವಿಷಯ.

3

ಮನೆಯ ಮಹತ್ತ್ವವನ್ನು ಈ ಶಾಸ್ತ್ರ ಸೋಲಿನಿಂದ ಕಲಿಯಿತೆಂಬುದು ಸ್ಮರಣೀಯ. 1973ರಲ್ಲಿ ಲೋವಾಸ್ ಮತ್ತು ಅವನ ಸಂಗಡಿಗರು ತಾವು ಚಿಕಿತ್ಸೆ ನೀಡಿದ ಮಕ್ಕಳನ್ನು ಕಾಲಾನಂತರ ಮತ್ತೆ ಪರೀಕ್ಷಿಸಿದಾಗ, ಆಶ್ರಯ ಸಂಸ್ಥೆಗಳಿಗೆ ಹಿಂದಿರುಗಿದ ಮಕ್ಕಳು ಕಲಿತದ್ದನ್ನು ಕಳೆದುಕೊಂಡಿದ್ದರು. ತರಬೇತಿ ಪಡೆದ ತಂದೆತಾಯಿಗಳ ಬಳಿ ಉಳಿದವರು ಅದನ್ನು ಕಾಪಾಡಿಕೊಂಡಿದ್ದರು. 1977ರಲ್ಲಿ ಸ್ಟೋಕ್ಸ್ ಮತ್ತು ಬೇಯರ್, ಒಂದೆಡೆ ಕಲಿಸಿ ಉಳಿದೆಡೆ ತಾನಾಗಿ ಹಬ್ಬಲೆಂದು ಹಾರೈಸಿ ಕೂಡುವ ವಾಡಿಕೆಯನ್ನು ಎತ್ತಿ ತೋರಿಸಿ, ವ್ಯಾಪಕತೆಯನ್ನು ಬೇಕೆಂದೇ ಯೋಜಿಸಬೇಕೆಂದು ವಾದಿಸಿದರು. ಲೋವಾಸನು 1987ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಯೋಗ ಈ ಪಾಠದ ಫಲ. ಅದರಲ್ಲಿ 19 ಮಕ್ಕಳಿಗೆ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ, ವಾರಕ್ಕೆ ಸುಮಾರು 40 ಗಂಟೆಗಳಂತೆ, ಮನೆಯಲ್ಲಿ, ಶಾಲೆಯಲ್ಲಿ ಮತ್ತು ನೆರೆಹೊರೆಯಲ್ಲಿ ಕಲಿಸಲಾಯಿತು. 9 ಮಕ್ಕಳು ಸಾಮಾನ್ಯ ಶಾಲೆಯ ಒಂದನೆಯ ತರಗತಿಯನ್ನು ಮುಗಿಸಿ, ಬುದ್ಧಿಪರೀಕ್ಷೆಯಲ್ಲಿ ಸಾಮಾನ್ಯ ಮಟ್ಟವನ್ನು ಮುಟ್ಟಿದರೆಂದು ವರದಿಯಾಯಿತು.

ಈ ಫಲಿತಾಂಶವನ್ನು ಹಲವರು ವೇದವಾಕ್ಯದಂತೆ ಉದ್ಧರಿಸುತ್ತಾರೆ. ಆದರೆ ವಿಮರ್ಶಕನು ಮೂರು ವಿಷಯಗಳನ್ನು ಗಮನಿಸಬೇಕು. ಮಕ್ಕಳನ್ನು ಚೀಟಿಯೆತ್ತಿದಂತೆ ಯಾದೃಚ್ಛಿಕವಾಗಿ ಗುಂಪುಗಳಿಗೆ ಹಂಚಿರಲಿಲ್ಲ. ಕಲಿಸುವವರು ಲಭ್ಯವಿದ್ದುದನ್ನು ನೋಡಿಕೊಂಡು ಹಂಚಲಾಗಿತ್ತು. ಬಳಸಿದ ಕ್ರಮಗಳಲ್ಲಿ ಗದರಿಕೆಯೂ ಕೆಲವೊಮ್ಮೆ ತೊಡೆಯ ಮೇಲಿನ ಪೆಟ್ಟೂ ಸೇರಿದ್ದವು. ಮೂರನೆಯದಾಗಿ, 2018ರ ಕಾಕ್ರೇನ್ ಸಮೀಕ್ಷೆಯು ಈ ಬಗೆಯ ತೀವ್ರ ಶಿಕ್ಷಣವನ್ನು ಕುರಿತ ಐದು ಅಧ್ಯಯನಗಳನ್ನು, ಒಟ್ಟು 219 ಮಕ್ಕಳ ವಿವರಗಳೊಡನೆ ಒಟ್ಟುಗೂಡಿಸಿ, ಕೆಲವು ಮಕ್ಕಳಿಗೆ ಪ್ರಯೋಜನವಾಗಬಹುದಾದರೂ ಆಧಾರ ದುರ್ಬಲವೆಂದು ತೀರ್ಮಾನಿಸಿತು. ಇದಲ್ಲದೆ, ಸ್ವತಃ ಆಟಿಸಂ ಉಳ್ಳವರಾದ ಮಿಷೆಲ್ ಡಾಸನ್ 2004ರಲ್ಲಿ ಬರೆದ ದೀರ್ಘ ಆಕ್ಷೇಪದಲ್ಲಿ, ಆಟಿಸಂ ಇರುವವರ ಒಪ್ಪಿಗೆಯನ್ನಾಗಲಿ ಅಭಿಪ್ರಾಯವನ್ನಾಗಲಿ ಕೇಳದೆಯೇ ಅವರನ್ನು ತಿದ್ದಹೊರಟ ಧೋರಣೆಯನ್ನು ಪ್ರಶ್ನಿಸಿದರು. ಕಣ್ಣಲ್ಲಿ ಕಣ್ಣಿಟ್ಟು ನೋಡೆಂದು ಒತ್ತಾಯಿಸುವುದು, ಯಾರಿಗೂ ತೊಂದರೆಯಿಲ್ಲದೆ ಕೈ ಬೀಸುತ್ತಿರುವ ಮಗುವಿನ ಕೈಗಳನ್ನು ಅಡಗಿಸುವುದು, ಇವು ಅನ್ವಯವೆಂಬ ಲಕ್ಷಣಕ್ಕೆ ಹೇಗೆ ಹೊಂದುತ್ತವೆ? ಕನ್ನಡಕದ ಬಾಲಕನಿಂದ ಇಲ್ಲಿಗೆ ಬರುವಷ್ಟರಲ್ಲಿ ಪ್ರಯೋಜನದ ಸ್ಥಾನವನ್ನು ತೋರಿಕೆ ಆಕ್ರಮಿಸಿತ್ತು.

ಅಲ್ಲಿಯ ಮನೆಯೂ ನಿರ್ದಿಷ್ಟವಾದ ಒಂದು ಮನೆ. ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ದಿನವೂ ಬಂದು ಕಲಿಸಬಹುದಾದ ಕ್ಯಾಲಿಫೋರ್ನಿಯದ ಮನೆ. ಮನೆ, ಶಾಲೆ, ಸಮುದಾಯ ಎಂಬ ಸೂತ್ರ ನಮ್ಮಲ್ಲಿಗೆ ಬಂದಾಗ ಶಬ್ದಗಳು ಬಂದವು. ಅವುಗಳನ್ನು ಹೊತ್ತು ನಿಂತಿದ್ದ ಕಂಬಗಳು ಬರಲಿಲ್ಲ.

4

ಭಾರತದಲ್ಲಿ ಈ ಕೊರತೆಯನ್ನು ಅರಿತು ಮಾಡಿದ ಗಣ್ಯ ಪ್ರಯತ್ನವೊಂದನ್ನು ಇಲ್ಲಿ ಹೇಳದಿದ್ದರೆ ವಿಮರ್ಶೆ ಏಕಪಕ್ಷೀಯವಾದೀತು. ಸಿಕಂದರಾಬಾದಿನಲ್ಲಿ 1984ರಲ್ಲಿ ಸ್ಥಾಪಿತವಾದ ಬುದ್ಧಿಮಾಂದ್ಯರ ರಾಷ್ಟ್ರೀಯ ಸಂಸ್ಥೆಯಿಂದ, 1992ರಲ್ಲಿ ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ ಅವರು ಶಿಕ್ಷಕರಿಗಾಗಿ ವರ್ತನಕ್ರಮದ ಕೈಪಿಡಿಯನ್ನೂ, ಭಾರತೀಯ ಮಕ್ಕಳಿಗಾಗಿ ಒಂದು ವರ್ತನಮಾಪನಿಯನ್ನೂ ಹೊರತಂದರು. ಮಾಪನಿಯ ಮೊದಲ ಭಾಗದಲ್ಲಿ ಏಳು ಕ್ಷೇತ್ರಗಳಿಗೆ ತಲಾ 40ರಂತೆ 280 ಕೌಶಲಗಳೂ, ಎರಡನೆಯ ಭಾಗದಲ್ಲಿ 75 ಸಮಸ್ಯಾವರ್ತನೆಗಳೂ ಇವೆ. ಪರದೇಶದ ಪಟ್ಟಿಗಳನ್ನು ಹಾಗೆಯೇ ಎರವಲು ತರದೆ, ಸಾಧಾರಣ ತರಗತಿಯ ಶಿಕ್ಷಕನು ಕಾಗದ ಪೆನ್ಸಿಲಿನಿಂದಲೇ ನಡೆಸಬಹುದಾದ ಉಪಕರಣವನ್ನು ನಿರ್ಮಿಸಿದ್ದು ಸಣ್ಣ ಸಾಧನೆಯಲ್ಲ.

ಈ ಮಾಪನಿಯ ಅತ್ಯಂತ ಬೆಲೆಯುಳ್ಳ ಅಂಶ ಅದರ ಅಂಕಕ್ರಮ. ಮಗು ಕೆಲಸವನ್ನು ಸ್ವತಂತ್ರವಾಗಿ ಮಾಡಿದರೆ 5, ಸುಳಿವು ಕೊಟ್ಟಾಗ ಮಾಡಿದರೆ 4, ಮಾತಿನಲ್ಲಿ ಹೇಳಿಕೊಟ್ಟಾಗ 3, ಕೈಹಿಡಿದು ಮಾಡಿಸಿದಾಗ 2, ಪೂರ್ತಿ ಅವಲಂಬಿಸಿದರೆ 1. ಬರುತ್ತದೆ, ಬರುವುದಿಲ್ಲ ಎಂಬ ಎರಡೇ ತೀರ್ಪುಗಳ ನಡುವೆ ಸಹಾಯದ ಮೆಟ್ಟಿಲುಗಳನ್ನು ಇದು ಕಾಣಿಸುತ್ತದೆ. ರೊಟ್ಟಿ ಬಡಿಯಲು ಮಗಳಿಗೆ ಕಲಿಸುವ ತಾಯಿ ಮೊದಲು ಕೈಮೇಲೆ ಕೈಯಿಟ್ಟು, ಅನಂತರ ಬಾಯಲ್ಲಿ ಹೇಳಿ, ಕೊನೆಗೆ ಕಣ್ಣಸನ್ನೆಯಲ್ಲಿ ತಿದ್ದುತ್ತಾಳೆ. ಆ ಮೆಟ್ಟಿಲುಗಳು ನಮ್ಮ ಮನೆಗಳಿಗೆ ಅಪರಿಚಿತವಲ್ಲ.

ಆದರೆ ಇದೇ ಅಂಕಕ್ರಮದಲ್ಲಿ ಒಂದು ಮಿತಿಯೂ ಅಡಗಿದೆ. ಅದು ಏಕಾಕಿ ಸಾಮರ್ಥ್ಯವನ್ನು ಶಿಖರದಲ್ಲಿರಿಸುತ್ತದೆ. ಅಜ್ಜಿ ಉಣಿಸುವುದು, ಅಕ್ಕ ತಲೆ ಬಾಚುವುದು, ಅಣ್ಣ ಶಾಲೆಗೆ ಕರೆದೊಯ್ಯುವುದು ನಮ್ಮ ಕೂಡುಬಾಳಿನಲ್ಲಿ ಕೊರತೆಯ ಗುರುತುಗಳಲ್ಲ. ಯಾವ ಕೆಲಸವನ್ನು ಮಗು ಒಬ್ಬನೇ ಮಾಡಲೇಬೇಕು, ಯಾವುದನ್ನು ಮನೆಯವರೊಡನೆ ಮಾಡಿದರೆ ಸಾಕು ಎಂಬುದನ್ನು ಮಾಪನಿ ತಾನಾಗಿ ಹೇಳಲಾರದು. 1978ರಲ್ಲಿ ವುಲ್ಫನು ಸಾಮಾಜಿಕ ಸಿಂಧುತ್ವವೆಂದು ಹೆಸರಿಟ್ಟದ್ದು ಈ ಪ್ರಶ್ನೆಯನ್ನೇ: ಗುರಿ, ವಿಧಾನ, ಫಲ ಮೂರನ್ನೂ ಸೇವೆ ಪಡೆಯುವವರೇ ಬೆಲೆಕಟ್ಟಬೇಕು. 280 ಅಂಶಗಳನ್ನು ತುಂಬಿ ಮುಗಿಸಿದ ಮೇಲೆ ಆ ಮನೆಗೆ ಬೇಕಾದ 281ನೆಯದನ್ನು ಕೇಳುವ ತಾಳ್ಮೆ ಶಿಕ್ಷಕನಿಗಿರಬೇಕು.

5

ಇನ್ನು ಮುದಗಲ್ಲಿನ ಮೂರು ಎಡೆಗಳನ್ನು ಒಂದೊಂದಾಗಿ ನೋಡಬಹುದು.

ಮನೆಯನ್ನು ಮೊದಲು ತೆಗೆದುಕೊಳ್ಳೋಣ. ರಾಯಚೂರು ಸೀಮೆಯ ಬದುಕನ್ನು ಬಲ್ಲವರಿಗೆ ಗುಳೆ ಎಂಬ ಮಾತನ್ನು ವಿವರಿಸಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಸಂಸಾರ ಸಮೇತ ದುಡಿಮೆಗೆ ಬೆಂಗಳೂರಿಗೋ ಪುಣೆಗೋ ಹೊರಡುವ ಕುಟುಂಬಕ್ಕೆ ವಾರಕ್ಕೆ 40 ಗಂಟೆಗಳ ಯೋಜನೆಯನ್ನು ವಿಧಿಸುವುದು ಅನುಕಂಪವೂ ಅಲ್ಲ, ವಿಜ್ಞಾನವೂ ಅಲ್ಲ. ಇಂಥ ಮನೆಯಲ್ಲಿ ಕಲಿಕೆ ನಡೆಯಬೇಕಾದರೆ ಅದು ನೀರು ತರುವ, ಉಣ್ಣುವ, ಸ್ನಾನಮಾಡುವ, ಮಲಗುವ ಹೊತ್ತುಗಳೊಳಗೆ ಸೇರಿಹೋಗಬೇಕು. ಮೇಜು ಕುರ್ಚಿಗಳ ಮುಂದೆ ಪ್ರತ್ಯೇಕ ಕಾಲವನ್ನು ಬೇಡಬಾರದು. ಹಾಗೆ ಸೇರಿದ ಕಲಿಕೆ ಗುಳೆಯ ಜೋಪಡಿಗೂ ಮಗುವಿನೊಡನೆ ಹೋಗುತ್ತದೆ.

ಪುನರ್ಬಲನದ ವಿಷಯವೂ ಹೀಗೆಯೇ. ಸರಿಯಾಗಿ ಮಾಡಿದ ಕೂಡಲೇ ಮಗುವನ್ನು ಗಟ್ಟಿಯಾಗಿ ಹೊಗಳಬೇಕೆಂದು ಕೈಪಿಡಿಗಳು ಹೇಳುತ್ತವೆ. ಎದುರಿಗೆ ಹೊಗಳಿದರೆ ದೃಷ್ಟಿಯಾದೀತೆಂಬ ಅಂಜಿಕೆ ನಮ್ಮ ಹಿರಿಯರಲ್ಲಿ ಇನ್ನೂ ಉಂಟು. ಆ ಅಜ್ಜಿಯ ಬಾಯಿಂದ ಹೊಗಳಿಕೆ ಹೊರಡದಿದ್ದರೆ ಅವಳು ಸಹಕರಿಸಲಿಲ್ಲವೆಂದು ದಾಖಲಿಸುವುದು ಅನ್ಯಾಯ. ಈ ಶಾಸ್ತ್ರದ ಸಿದ್ಧಾಂತದಂತೆಯೇ, ಯಾವುದು ಪುನರ್ಬಲನವೆಂಬುದು ಅದರ ರೂಪದಿಂದಲ್ಲ, ಪರಿಣಾಮದಿಂದ ನಿರ್ಧಾರವಾಗತಕ್ಕದ್ದು. ತಲೆ ನೇವರಿಸುವುದು, ಮಡಿಲಿಗೆ ಎಳೆದುಕೊಳ್ಳುವುದು, ಹೊಲಕ್ಕೆ ಜೊತೆಯಲ್ಲಿ ಕರೆದೊಯ್ಯುವುದು ಅದೇ ಕೆಲಸವನ್ನು ಮಾಡಬಲ್ಲವು.

ಎರಡನೆಯದು ಶಾಲೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವಿಕಲತೆಗಳಲ್ಲಿ ಆಟಿಸಮನ್ನೂ ಸೇರಿಸಿದೆ. ಕಾಯಿದೆ ನಿಗದಿಪಡಿಸಿದ ಪ್ರಮಾಣದ ವಿಕಲತೆಯುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಿಯೋ ತಾನು ಬಯಸಿದ ವಿಶೇಷ ಶಾಲೆಯಲ್ಲಿಯೋ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ತಾಲ್ಲೂಕು ಮಟ್ಟದಲ್ಲಿ ಸಂಪನ್ಮೂಲ ಶಿಕ್ಷಕರ ವ್ಯವಸ್ಥೆಯೂ, ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ಏರ್ಪಾಡೂ ಇವೆ. ಆದರೆ ಗೃಹಾಧಾರಿತವೆಂಬ ಮಾತು ಮಗುವನ್ನು ಶಾಲೆಯಿಂದ ದೂರವಿಡುವುದಕ್ಕೆ ಸಭ್ಯವಾದ ಹೆಸರಾಗದಂತೆ ಎಚ್ಚರವಿರಬೇಕು. ಮನೆಯ ಸೇವೆಯೂ ಶಾಲೆಯ ಸೇವೆಯೂ ಒಂದಕ್ಕೊಂದು ಸೇತುವೆಯಾಗಬೇಕೇ ಹೊರತು ಒಂದು ಇನ್ನೊಂದಕ್ಕೆ ಬದಲಿಯಾಗಬಾರದು.

ಶಾಲೆಯಲ್ಲಿ ಎದುರಾಗುವ ಮುಖ್ಯ ಪ್ರಶ್ನೆ ಭಾಷೆಯದು. ಮನೆಯಲ್ಲಿ ಉರ್ದು ಅಥವಾ ಲಂಬಾಣಿ, ತರಗತಿಯಲ್ಲಿ ಕನ್ನಡ, ಸಂತೆಯಲ್ಲಿ ಎಲ್ಲವೂ ಕೇಳುವ ಮಗುವಿಗೆ ಒಂದೇ ಭಾಷೆಯ ಒಂದೇ ಆಜ್ಞೆಯಿಂದ ಕಲಿಸಿದರೆ ಆ ಕಲಿಕೆ ಬಾಗಿಲಲ್ಲಿಯೇ ನಿಲ್ಲುತ್ತದೆ. ಮನೆಭಾಷೆಯನ್ನು ಬಿಟ್ಟುಬಿಡಿರೆಂಬ ಸಲಹೆಯನ್ನು ಕೊಡುವವರಿದ್ದಾರೆ; ಎರಡು ಭಾಷೆಗಳ ಪರಿಸರದಿಂದ ಆಟಿಸಂ ಇರುವ ಮಕ್ಕಳ ಮಾತಿಗೆ ಕೇಡಾಗುತ್ತದೆಂದು ಸಂಶೋಧನೆಗಳು ತೋರಿಸಿಲ್ಲ. ತಾಯಿಯ ಮಾತನ್ನೇ ಕಿತ್ತುಕೊಂಡು ಮಗುವಿಗೆ ಮಾತು ಕಲಿಸುವುದು ವಿಚಿತ್ರವಾದ ಉಪಾಯ.

ಮೂರನೆಯದು ಬೀದಿ. ಆಟಿಸಂ ಇರುವ ಮಕ್ಕಳು ಮನೆಯಿಂದ ತಪ್ಪಿಸಿಕೊಂಡು ಅಲೆಯುವುದೂ, ನೀರಿನಲ್ಲಿ ಮುಳುಗಿ ಸಾಯುವ ಅಪಾಯ ಅವರಲ್ಲಿ ಹೆಚ್ಚಾಗಿರುವುದೂ ಅಮೆರಿಕದ ಸಂಶೋಧನೆಗಳಿಂದ ತಿಳಿದುಬಂದಿದೆ. ಕಂದಕವಿರುವ ಊರಿನಲ್ಲಿ ಇದರ ಅರ್ಥವೇನೆಂದು ಬೇರೆ ಹೇಳಬೇಕಾಗಿಲ್ಲ. ಹೆಸರು ಹಿಡಿದು ಕರೆದಾಗ ನಿಲ್ಲುವುದು, ತಾಯಿ ಕರೆದರೂ ಅಂಗಡಿಯವನು ಕರೆದರೂ ನಿಲ್ಲುವುದು, ಕನ್ನಡದಲ್ಲಿ ಕರೆದರೂ ಉರ್ದುವಿನಲ್ಲಿ ಕರೆದರೂ ನಿಲ್ಲುವುದು: ಮುದಗಲ್ಲಿನ ಮಗುವಿಗೆ ಇದೇ ಕನ್ನಡಕ. ಇದನ್ನು ಕೊಠಡಿಯಲ್ಲಿ ಕಲಿಸಲಾಗದು. ಕೋಟೆಯ ಬಾಗಿಲಲ್ಲಿ, ಸಂತೆಯ ದಾರಿಯಲ್ಲಿ, ಮಗುವನ್ನು ಗುರುತಿಸಬಲ್ಲ ನಾಲ್ಕಾರು ಜನರನ್ನು ಕೂಡಿಸಿಕೊಂಡೇ ಕಲಿಸಬೇಕು. ಜೊತೆಗೆ ನೀರಿನಲ್ಲಿ ಈಜುವುದನ್ನೂ.

ಮೊಹರಂ ಇನ್ನೊಂದು ಬಗೆಯ ಪರೀಕ್ಷೆ. ಹಲಗೆಯ ಸದ್ದಿಗೆ, ಜನಜಂಗುಳಿಗೆ ಕಿವಿ ಮುಚ್ಚಿಕೊಂಡು ಓಡುವ ಮಗುವಿನ ನಡವಳಿಕೆಯನ್ನು 75 ಸಮಸ್ಯೆಗಳಲ್ಲಿ ಯಾವುದೋ ಒಂದರ ಕೆಳಗೆ ಬರೆದು ಅಳಿಸಲು ಹೊರಡುವುದು ಸುಲಭ. ಆದರೆ ವಿಶ್ಲೇಷಣೆಯೆಂಬ ಹೆಸರಿಗೆ ತಕ್ಕಂತೆ ಕಾರಣವನ್ನು ಕೇಳಿದರೆ, ಸದ್ದಿನಿಂದ ಪಾರಾಗುವುದು ಆ ಓಟದ ಫಲವೆಂದು ತಿಳಿಯುತ್ತದೆ. ಆಗ ಕಲಿಸಬೇಕಾದದ್ದು ಸಹಿಸಿ ನಿಲ್ಲುವುದನ್ನಲ್ಲ. ಮಾತಿನಿಂದಲೋ ಸನ್ನೆಯಿಂದಲೋ ಚಿತ್ರ ತೋರಿಸಿಯೋ ‘ಇಲ್ಲಿಂದ ಹೋಗೋಣ’ ಎಂದು ತಿಳಿಸುವುದನ್ನು. ಮಾರ್ಪಡಬೇಕಾದದ್ದು ಮಗುವಷ್ಟೇ ಅಲ್ಲ. ದೂರದ ಕಟ್ಟೆಯೊಂದರಲ್ಲಿ ಅವನಿಗೆ ಜಾಗ ಮಾಡಿಕೊಡುವ ನೆರೆಹೊರೆಯೂ ಮಾರ್ಪಡಬೇಕು.

6

ಇಲ್ಲಿ ಒಂದು ಆಕ್ಷೇಪ ಬರಬಹುದು. ಹೀಗೆ ತಜ್ಞರಲ್ಲದವರ ಕೈಗೆ ಒಪ್ಪಿಸಿದರೆ ವಿದ್ಯೆ ಕೆಟ್ಟು, ಬೆದರಿಕೆ ಬಡಿತಗಳೇ ವರ್ತನಕ್ರಮವೆಂಬ ಹೆಸರಿನಲ್ಲಿ ನಡೆಯಲಾರವೇ? ಆಕ್ಷೇಪ ಗಂಭೀರವಾದದ್ದು. ಆದರೆ ತಜ್ಞರನ್ನು ಕಾಯುತ್ತ ಕುಳಿತರೆ ಆಗುವುದೇನು? 1998ರಲ್ಲಿ ಸ್ಥಾಪಿತವಾದ ಅಮೆರಿಕದ ಪ್ರಮಾಣೀಕರಣ ಮಂಡಲಿ 2023ರಿಂದ ಭಾರತದಂಥ ದೇಶಗಳ ಹೊಸ ಅರ್ಜಿಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ನಮ್ಮಲ್ಲಿ 2021ರ ಸಹಾಯಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯ ಅನುಸೂಚಿಯಲ್ಲಿ ವರ್ತನ ವಿಶ್ಲೇಷಕನ ಹೆಸರು ಸೇರಿದೆ. ಆದರೆ ಕಾಯಿದೆಯ ಪುಟದಲ್ಲಿ ಹೆಸರಿರುವ ವೃತ್ತಿ ಊರಿನಲ್ಲಿ ಕಾಣಿಸಿಕೊಳ್ಳಲು ಕಾಲ ಬೇಕು, ಮಗುವಿನ ಬಾಲ್ಯವಾದರೋ ಕಾಯುವುದಿಲ್ಲ.

ಮಧ್ಯಮಾರ್ಗವೊಂದಕ್ಕೆ ಆಧಾರವಿದೆ. 2016ರಲ್ಲಿ ಪ್ರಕಟವಾದ, ಗೋವಾದಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ ನಡೆದ ಪ್ರಯೋಗವೊಂದರಲ್ಲಿ ಆಟಿಸಂ ಇದ್ದ 65 ಮಕ್ಕಳು ಭಾಗವಹಿಸಿದರು. ತಜ್ಞರಲ್ಲದ ಕಾರ್ಯಕರ್ತರು ಮೇಲ್ವಿಚಾರಣೆಯಲ್ಲಿ ತಂದೆತಾಯಿಗಳಿಗೆ ಮಗುವಿನ ಸಂಪರ್ಕದ ಯತ್ನಗಳಿಗೆ ಓಗೊಡುವುದನ್ನು ಕಲಿಸಿದರು. ತಂದೆತಾಯಿಗಳ ಪ್ರತಿಸ್ಪಂದನವೂ ಮಗು ತಾನಾಗಿ ಸಂಪರ್ಕ ಬಯಸುವುದೂ ವೃದ್ಧಿಸಿದವು. ಪರಸ್ಪರ ಗಮನವನ್ನು ಹಂಚಿಕೊಳ್ಳುವ ಕಾಲದಲ್ಲಿ ಮಾತ್ರ ಲಾಭ ಕಾಣಲಿಲ್ಲ. ಅದು ಸಂವಹನಪ್ರಧಾನವಾದ ಬೇರೊಂದು ಪದ್ಧತಿ, ವರ್ತನ ವಿಶ್ಲೇಷಣೆಯಲ್ಲ. ಆದರೂ ದಕ್ಷಿಣ ಏಷ್ಯದ ಮನೆಯಲ್ಲಿ, ಮೇಲ್ವಿಚಾರಣೆಯುಳ್ಳ ಸಾಮಾನ್ಯ ಕಾರ್ಯಕರ್ತನಿಂದ ನಿಜವಾದ ಕೆಲಸ ಸಾಧ್ಯವೆಂಬುದನ್ನು ಅದು ತೋರಿಸಿತು. ಅಂಗನವಾಡಿ ಕಾರ್ಯಕರ್ತೆ, ಆಶಾ, ಸಂಪನ್ಮೂಲ ಶಿಕ್ಷಕ, ಪುನರ್ವಸತಿ ಕಾರ್ಯಕರ್ತ ಇವರಿಗೆ ಈ ವಿದ್ಯೆಯ ಕೆಲವೇ ತತ್ತ್ವಗಳನ್ನು ಚೆನ್ನಾಗಿ ಕಲಿಸಿ, ದೂರದ ತಜ್ಞನೊಬ್ಬನು ನಿಯತವಾಗಿ ಅವರ ದಾಖಲೆಗಳನ್ನು ನೋಡುತ್ತಿರುವಂತೆ ಮಾಡಿದರೆ, ಆಕ್ಷೇಪದಲ್ಲಿ ಹೇಳಿದ ಅಪಾಯ ಬಹುಮಟ್ಟಿಗೆ ತಗ್ಗುತ್ತದೆ. ದೈಹಿಕ ಶಿಕ್ಷೆ, ಅನ್ನ ನಿರಾಕರಣೆ, ಕೂಡಿಹಾಕುವುದು ಇವು ಯಾವ ಕಾರಣಕ್ಕೂ ಸಲ್ಲವೆಂಬುದು ಆ ಪಾಠದ ಮೊದಲ ವಾಕ್ಯವಾಗಿರಬೇಕು.

ಒಟ್ಟಿನಲ್ಲಿ, ಅನ್ವಯಿಕ ವರ್ತನ ವಿಶ್ಲೇಷಣೆಯನ್ನು ಪೂರ್ತಿಯಾಗಿ ತಿರಸ್ಕರಿಸುವುದಾಗಲಿ ಗಂಟೆಗಳ ಲೆಕ್ಕದಲ್ಲಿ ಪೂಜಿಸುವುದಾಗಲಿ ನಮಗೆ ತಕ್ಕದ್ದಲ್ಲ. ಅದು ತಾನೇ ಹಾಕಿಕೊಂಡ ಅಳತೆಗೋಲಿನಿಂದ ಅದನ್ನು ಅಳೆಯುವುದೇ ಉಚಿತವಾದ ವಿಮರ್ಶೆ. ಗುರಿಯನ್ನು ಯಾರು ಆರಿಸಿದರು, ಅದರ ಪ್ರಯೋಜನ ಮೊದಲು ಯಾರಿಗೆ, ಕಲಿತದ್ದು ಮನೆಯಿಂದ ಶಾಲೆಗೆ, ಶಾಲೆಯಿಂದ ಬೀದಿಗೆ, ಊರಿನಿಂದ ಗುಳೆಯ ನೆಲೆಗೆ ದಾಟಿತೇ, ಮಗು ಬೇಡವೆಂದಾಗ ಅದನ್ನು ಕೇಳಿದವರುಂಟೇ: ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವಿಲ್ಲದ ಸೇವೆ ಎಷ್ಟೇ ಕೋಷ್ಟಕಗಳನ್ನು ತುಂಬಿದ್ದರೂ ಅನ್ವಯವೆಂಬ ಹೆಸರಿಗೆ ಅರ್ಹವಲ್ಲ. ಶಿಕ್ಷಣ ಮತ್ತು ಮನಶ್ಶಾಸ್ತ್ರದ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಒಂದೊಂದು ಮನೆಯಲ್ಲಿ, ಮನೆಯವರ ಒಪ್ಪಿಗೆಯಿಂದ, ಮಗುವಿಗೆ ನಿಜವಾಗಿ ಬೇಕಾದ ನಡವಳಿಕೆ ಯಾವುದೆಂಬುದನ್ನು ಅಲ್ಲಿಯ ಮಾತಿನಲ್ಲಿಯೇ ಬರೆದು ತಂದರೆ, ಕನ್ನಡದ ಮಾಪನಿಯೊಂದಕ್ಕೆ ಅದು ಆರಂಭವಾದೀತು. ಅಂಥ ಕೆಲಸಕ್ಕೆ ಈ ಸಂಚಿಕೆಯ ಪುಟಗಳಲ್ಲಿ ಮುಂದೆಯೂ ಎಡೆಯುಂಟು.